ಮಗು ಪುಟದ ಮೇಲೆ ಅಳಬೇಕು: ಹದಿಹರೆಯದ ಅಪ್ಪನ ಕಾದಂಬರಿಯ ಒಳಗುಟ್ಟು

16 ವರ್ಷದ ಹುಡುಗನೊಬ್ಬ ಅಪ್ಪನಾಗಲಿದ್ದಾನೆ ಎಂದರೆ ಸಾಕು, ಉಳಿದ ಕಥೆ ಓದುವವರ ಮನಸ್ಸಿನಲ್ಲಿ ತಾನಾಗಿಯೇ ಮುಗಿದುಬಿಡುತ್ತದೆ. ಹುಡುಗ ಕೈಕೊಡುತ್ತಾನೆ, ಹುಡುಗಿ ಕೂಸಿನೊಂದಿಗೆ ಒಂಟಿಯಾಗುತ್ತಾಳೆ, ಎರಡೂ ಮನೆಯವರು ತಲೆ ಮೇಲೆ ಕೈಹೊತ್ತು ಕೂರುತ್ತಾರೆ. ಹದಿಹರೆಯದ ಅಪ್ಪನ ಬಗ್ಗೆ ಕಾದಂಬರಿ ಬರೆಯಲು ಕೂತವರಿಗೆ ಮೊದಲು ಎದುರಾಗುವುದೇ ಈ ಕಥೆ. ಅದನ್ನು ಅಳಿಸಲು ಬಹಳ ಮಂದಿ ಹುಡುಗನನ್ನು ತುಂಬಾ ಒಳ್ಳೆಯವನನ್ನಾಗಿ ಮಾಡಿಬಿಡುತ್ತಾರೆ. ಆ ದಾರಿ ಬೇಗ ಕುಸಿಯುತ್ತದೆ. ಗೆದ್ದ ಪುಸ್ತಕಗಳು ಕೂಸನ್ನು ಪುಟದ ಮೇಲೆ ತಂದು ಮಲಗಿಸಿ, ಅದರ ಹಸಿವು, ನಿದ್ದೆ, ಅಳುವಿನ ಗಡಿಯಾರಕ್ಕೆ ಇಡೀ ಕಥೆಯನ್ನು ಕಟ್ಟಿಹಾಕಿವೆ.

ಹರೆಯದವರಿಗಾಗಿ ಬರೆದ ಇಂಗ್ಲಿಷ್ ಕಾದಂಬರಿಗಳಲ್ಲಿ ಬಸಿರಿನ ಕಥೆ ಬಹುಕಾಲ ಹುಡುಗಿಯ ಕಥೆಯಾಗಿಯೇ ಇತ್ತು. ಅದು ಸಹಜ, ಒಂಬತ್ತು ತಿಂಗಳು ಹೊರುವವಳು ಅವಳೇ. ಬ್ರಿಟನ್ನಿನ ಬರ್ಲೀ ಡೊಹರ್ಟಿ 1991ರಲ್ಲಿ 'ಡಿಯರ್ ನೋಬಡಿ' ಬರೆದಾಗ ಹುಟ್ಟಲಿರುವ ಕೂಸಿಗೆ ಹುಡುಗಿ ಬರೆಯುವ ಪತ್ರಗಳ ಜೊತೆಗೆ ಹುಡುಗನ ನಿರೂಪಣೆಯನ್ನೂ ಇಟ್ಟರು. ಆ ಪುಸ್ತಕಕ್ಕೆ ಬ್ರಿಟನ್ನಿನ ಮಕ್ಕಳ ಸಾಹಿತ್ಯದ ಕಾರ್ನೆಗಿ ಪದಕ ಬಂತು. ಅದು ಮುಖ್ಯವಾಗಿ ಹೆರಿಗೆಯವರೆಗಿನ ಕಥೆ. ಹೆರಿಗೆಯ ನಂತರದ ಬೆಳಗಿನ ಜಾವ ಎರಡೂವರೆ ಗಂಟೆಯನ್ನು ಹುಡುಗನ ಕೈಗೆ ಕೊಟ್ಟ ಪುಸ್ತಕ ಅಮೆರಿಕದ ಆಂಜೆಲಾ ಜಾನ್ಸನ್ ಅವರ 'ದಿ ಫಸ್ಟ್ ಪಾರ್ಟ್ ಲಾಸ್ಟ್'. 2003ರಲ್ಲಿ ಬಂದು ಹರೆಯದವರ ಪುಸ್ತಕಗಳಿಗೆ ಕೊಡುವ 2004ರ ಪ್ರಿಂಟ್ಜ್ ಪ್ರಶಸ್ತಿಯನ್ನೂ ಕಪ್ಪುವರ್ಣೀಯ ಲೇಖಕರಿಗೆ ಕೊಡುವ ಕೊರೆಟಾ ಸ್ಕಾಟ್ ಕಿಂಗ್ ಪ್ರಶಸ್ತಿಯನ್ನೂ ಪಡೆದ ಸಣ್ಣ ಪುಸ್ತಕ ಅದು. ನ್ಯೂಯಾರ್ಕಿನ ಕಪ್ಪುವರ್ಣೀಯ ಹುಡುಗ ಬಾಬಿಗೆ ತಾನು ಅಪ್ಪನಾಗಲಿರುವ ಸುದ್ದಿ ತಿಳಿಯುವುದು 16ನೇ ಹುಟ್ಟುಹಬ್ಬದ ದಿನ. ಅಧ್ಯಾಯಗಳು 'ಈಗ', 'ಆಗ' ಎಂದು ಅದಲುಬದಲಾಗಿ ಸಾಗುತ್ತವೆ. 'ಈಗ' ಎಂಬಲ್ಲೆಲ್ಲ ಫೆದರ್ ಎಂಬ ಕೂಸು ಅವನ ಮೈಮೇಲಿದೆ. 'ಆಗ' ಎಂಬಲ್ಲಿ ಅವನೂ ಅವನ ಗೆಳತಿ ನಿಯಾಳೂ ಇನ್ನೂ ತೀರ್ಮಾನಗಳ ನಡುವೆ ತೊಳಲಾಡುತ್ತಿದ್ದಾರೆ.

ಕಥೆಯನ್ನು ಹೀಗೆ ಕಟ್ಟಿದ್ದರ ಲಾಭ ದೊಡ್ಡದು. 'ಹುಡುಗ ಓಡಿಹೋಗುತ್ತಾನೋ ಇಲ್ಲವೋ' ಎಂಬ ಹಳೆಯ ಕುತೂಹಲ ಮೊದಲ ಪುಟದಲ್ಲೇ ಸತ್ತುಹೋಗುತ್ತದೆ, ಏಕೆಂದರೆ ಅವನು ಕಣ್ಣೆದುರೇ ಕೂಸನ್ನು ಎತ್ತಿಕೊಂಡು ಕೂತಿದ್ದಾನೆ. ಅದರ ಜಾಗಕ್ಕೆ ಇನ್ನೊಂದು ಪ್ರಶ್ನೆ ಬರುತ್ತದೆ: ಇವನು ಒಬ್ಬನೇ ಏಕೆ ಇದ್ದಾನೆ, ನಿಯಾ ಎಲ್ಲಿ? ನೇರ ಕಾಲಕ್ರಮದಲ್ಲಿ ಹೇಳಿದ್ದರೆ ಓದುಗರು ಅರ್ಧ ಪುಸ್ತಕದವರೆಗೂ ಅವನನ್ನು ಅನುಮಾನದಿಂದಲೇ ನೋಡುತ್ತಿದ್ದರು.

ಹಣೆಪಟ್ಟಿ ಒಂದಲ್ಲ

ಓಡಿಹೋಗುವ ಹುಡುಗ ಎಲ್ಲರಿಗೂ ಗೊತ್ತಿರುವ ಹಣೆಪಟ್ಟಿ. ಅದರ ಬೆನ್ನಿಗೇ ಇನ್ನೊಂದಿದೆ, ಡೈಪರನ್ನು ತಿರುಗುಮುರುಗಾಗಿ ಹಾಕಿ ನಗೆಪಾಟಲಾಗುವ ಪೆದ್ದ ಗಂಡಸು. ಇದು ನಿರುಪದ್ರವಿಯಂತೆ ಕಾಣುತ್ತದೆ, ಆದರೆ ಹೇಳುವುದು ಅದೇ ಮಾತನ್ನು: ಕೂಸು ನೋಡಿಕೊಳ್ಳುವುದು ಗಂಡಸರ ಕೈಯಲ್ಲಿ ಆಗುವ ಕೆಲಸವಲ್ಲ. ಹೊಸದಾಗಿ ತಾಯಿಯಾದವಳಿಗೂ ಮೊದಲ ಡೈಪರ್ ಕೈಗೆ ಸಿಗುವುದಿಲ್ಲ ಎಂಬುದನ್ನು ಆ ದೃಶ್ಯ ಮರೆಸುತ್ತದೆ. ಇನ್ನು ಮೂರನೆಯದು ದೇವತೆಯಂಥ ಹುಡುಗ. ಅವನಿಗೆ ಸಿಟ್ಟಿಲ್ಲ, ಸಂಜೆ ಆಟಕ್ಕೆ ಹೋದ ಗೆಳೆಯರ ಮೇಲೆ ಹೊಟ್ಟೆಕಿಚ್ಚಿಲ್ಲ, ಒಂದು ಗಳಿಗೆಯಾದರೂ ಬಾಗಿಲು ತೆಗೆದು ಹೊರಟುಬಿಡಬೇಕು ಅನ್ನಿಸುವುದಿಲ್ಲ. ಹದಿಹರೆಯದ ಓದುಗರು ಇಂಥವನನ್ನು ನಂಬುವುದಿಲ್ಲ. ಸ್ವತಃ ಅಪ್ಪನಾಗಿರುವ ಹುಡುಗ ಅದನ್ನು ಓದಿದರೆ, ತನಗೆ ಬಂದ ಸಿಟ್ಟು ತನ್ನೊಬ್ಬನದೇ ದೋಷ ಎಂದುಕೊಳ್ಳುತ್ತಾನೆ. ಓಡಿಹೋಗುವ ಹುಡುಗನಿಗಿಂತಲೂ ಈ ದೇವತೆಯ ಹಣೆಪಟ್ಟಿಯೇ ಹೆಚ್ಚು ಹಾನಿ ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಅಮೆರಿಕದಲ್ಲಿ ಇದಕ್ಕೆ ಬಣ್ಣದ ಭಾರವೂ ಸೇರಿಕೊಂಡಿದೆ. ಕಪ್ಪುವರ್ಣೀಯ ಅಪ್ಪಂದಿರು ಮಕ್ಕಳ ಕಡೆ ತಿರುಗಿಯೂ ನೋಡುವುದಿಲ್ಲ ಎಂಬ ಮಾತು ಅಲ್ಲಿ ಎಷ್ಟು ಹಳೆಯದೆಂದರೆ ಹುಡುಗರೇ ಅದನ್ನು ನಂಬಿಕೊಂಡು ಬೆಳೆಯುತ್ತಾರೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರ 2013ರಲ್ಲಿ ಹೊರತಂದ ವರದಿ ಬೇರೆಯದನ್ನೇ ಹೇಳುತ್ತದೆ. 5 ವರ್ಷದೊಳಗಿನ ಮಕ್ಕಳೊಂದಿಗೆ ಒಂದೇ ಮನೆಯಲ್ಲಿರುವ ಅಪ್ಪಂದಿರಲ್ಲಿ ದಿನವೂ ಮಗುವಿಗೆ ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ, ಡೈಪರ್ ಬದಲಿಸುವ ಕೆಲಸದಲ್ಲಿ ತೊಡಗಿದವರು ಕಪ್ಪುವರ್ಣೀಯರಲ್ಲಿ ಶೇ. 70, ಬಿಳಿಯರಲ್ಲಿ ಶೇ. 60, ಹಿಸ್ಪಾನಿಕ್ ಮೂಲದವರಲ್ಲಿ ಶೇ. 45. ಕಾದಂಬರಿಯಲ್ಲಿ ಈ ಅಂಕಿಯನ್ನು ಯಾವ ಪಾತ್ರದ ಬಾಯಲ್ಲೂ ಹೇಳಿಸಬಾರದು. ಆಂಜಿ ಥಾಮಸ್ ತಮ್ಮ 'ಕಾಂಕ್ರೀಟ್ ರೋಸ್' (2021) ಕಾದಂಬರಿಯಲ್ಲಿ ಮಾಡಿದ್ದು ಇನ್ನೂ ಗಟ್ಟಿಯಾದ ಕೆಲಸ. 1998ರ ಕಾಲದ 17 ವರ್ಷದ ಮ್ಯಾವರಿಕ್ ಗ್ಯಾಂಗಿನಲ್ಲಿದ್ದಾನೆ, ಅವನ ಅಪ್ಪ ಜೈಲಿನಲ್ಲಿದ್ದಾನೆ, ಕೂಸು ತನ್ನದೇ ಎಂದು ಡಿಎನ್‌ಎ ಪರೀಕ್ಷೆಯಿಂದ ತಿಳಿಯುತ್ತದೆ. ಹಣೆಪಟ್ಟಿ ಅಂಟಿಸುವವರಿಗೆ ಬೇಕಾದ ಎಲ್ಲವೂ ಅಲ್ಲಿದೆ. ಲೇಖಕಿ ಅದರಲ್ಲಿ ಒಂದನ್ನೂ ಮುಚ್ಚಿಡದೆ ಅವನ ಕೈಗೆ ಕೂಸು ಕೊಟ್ಟು, ಮುಂದೇನಾಗುತ್ತದೆ ನೋಡಿ ಎನ್ನುತ್ತಾರೆ.

ಕೂಸಿನ ಗಡಿಯಾರ

ಇಲ್ಲಿ ಲೆಕ್ಕ ಹಾಕಲೇಬೇಕು. ನವಜಾತ ಶಿಶು ದಿನಕ್ಕೆ ಕನಿಷ್ಠ 8 ಬಾರಿ ಹಾಲು ಕುಡಿಯುತ್ತದೆ, ಎದೆಹಾಲಾದರೆ 12 ಬಾರಿಯವರೆಗೂ. ಬಾಟಲಿ ಹಾಲೆಂದೇ ಹಿಡಿಯೋಣ. ನೀರು ಕುದಿಸಿ, 70 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಪುಡಿ ಬೆರೆಸಿ (ಪುಡಿಯಲ್ಲಿ ಇರಬಹುದಾದ ರೋಗಾಣು ಸಾಯಲು ಆ ಬಿಸಿ ಬೇಕು), ಮುಚ್ಚಿದ ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಒಳಮೈಗೆ ಎರಡು ಹನಿ ಬಿಟ್ಟು ನೋಡಿ, ಕುಡಿಸಿ, ಭುಜದ ಮೇಲೆ ಹಾಕಿಕೊಂಡು ತೇಗು ಬರಿಸಿ, ಡೈಪರ್ ಬದಲಿಸಬೇಕು. ಏನೂ ಎಡವಟ್ಟಾಗದಿದ್ದರೂ 40 ನಿಮಿಷ. 8 ಸಲಕ್ಕೆ 5 ಗಂಟೆ 20 ನಿಮಿಷ. ಹುಡುಗನಿಗೆ 7 ಗಂಟೆ ಶಾಲೆ, 4 ಗಂಟೆ ಅಂಗಡಿ ಕೆಲಸ ಇದೆ ಎಂದುಕೊಳ್ಳಿ. ಉಳಿಯುವುದು 7 ಗಂಟೆ 40 ನಿಮಿಷ. ಊಟ, ಓಡಾಟ, ಬಟ್ಟೆ ಒಗೆಯುವುದು, ಶಾಲೆಯ ಮನೆಪಾಠ, ನಿದ್ದೆ ಎಲ್ಲವೂ ಅದರಲ್ಲೇ ಆಗಬೇಕು, ಅದೂ ಚೂರುಚೂರಾಗಿ. ರಾತ್ರಿ 11ಕ್ಕೆ ಹಾಲು ಕುಡಿದ ಕೂಸು 2ಕ್ಕೆ ಏಳುತ್ತದೆ, ಮತ್ತೆ 5ಕ್ಕೆ.

ಈ ಲೆಕ್ಕದಲ್ಲೊಂದು ತೂತಿದೆ. ಅವನು ಶಾಲೆಯಲ್ಲೂ ಅಂಗಡಿಯಲ್ಲೂ ಇರುವ ಆ 11 ಗಂಟೆ ಕೂಸು ಯಾರ ಕೈಯಲ್ಲಿದೆ? ಕಥೆ ಹುಟ್ಟುವುದು ಈ ತೂತಿನಲ್ಲಿ. ಯಾರನ್ನು ಕೇಳಬೇಕು, ಕೇಳಿದರೆ ಎಷ್ಟು ಕೊಡಬೇಕು, ಅವರು ಕೊನೆ ಗಳಿಗೆಯಲ್ಲಿ ಬರಲ್ಲ ಎಂದರೆ ಪರೀಕ್ಷೆಯ ದಿನ ಏನು ಗತಿ? ಕರಡು ಓದುವಾಗ ಪ್ರತಿ ದೃಶ್ಯದ ಅಂಚಿನಲ್ಲೂ 'ಈಗ ಕೂಸು ಎಲ್ಲಿದೆ, ಯಾರ ಬಳಿ' ಎಂದು ಪೆನ್ಸಿಲಿನಲ್ಲಿ ಬರೆದುಕೊಂಡು ಹೋದರೆ ಸಾಕು, ದೊಡ್ಡ ತಪ್ಪುಗಳೆಲ್ಲ ಸಿಕ್ಕಿಬೀಳುತ್ತವೆ. ಗೆಳೆಯರ ಜೊತೆ ಹುಡುಗ ಮೂರು ಗಂಟೆ ಹರಟೆ ಹೊಡೆದ ಅಧ್ಯಾಯದಲ್ಲಿ ಅಂಚು ಖಾಲಿ ಉಳಿದರೆ, ಕಾದಂಬರಿಕಾರರು ಕೂಸನ್ನು ಮರೆತಿದ್ದಾರೆ ಎಂದೇ ಅರ್ಥ.

ಮರೆತ ಕೂಸಿಗೆ ಸುಲಭದ ಸಮಾಧಾನ ಅಜ್ಜಿ. ಹುಡುಗನ ತಾಯಿ ಎಲ್ಲವನ್ನೂ ವಹಿಸಿಕೊಂಡುಬಿಡುತ್ತಾಳೆ, ಹುಡುಗ ಸಂಜೆ ಬಂದು ಕೂಸಿನ ಕೆನ್ನೆ ಮುಟ್ಟುತ್ತಾನೆ. ಜಾನ್ಸನ್ ಅವರ ಪುಸ್ತಕದಲ್ಲಿ ಬಾಬಿಯ ತಾಯಿ ಅದೇ ಮನೆಯಲ್ಲಿದ್ದೂ ರಾತ್ರಿ ಎದ್ದುಬರಲು ಒಪ್ಪುವುದಿಲ್ಲ. ಕೂಸು ನಿನ್ನದು, ನೀನೇ ಏಳು ಎಂಬುದು ಅವಳ ನಿಲುವು. ಓದುವಾಗ ಅವಳ ಮೇಲೆ ಸಿಟ್ಟು ಬರುತ್ತದೆ. ಆದರೆ ಹುಡುಗ ಅಪ್ಪನಾಗುವುದು ಆ ನಿರಾಕರಣೆಯಿಂದಲೇ.

ತಿಂಗಳುಗಳು ತಪ್ಪಿದರೆ

ಮಗು ಕಂಡ ಓದುಗರು ಮೊದಲು ಹಿಡಿಯುವ ತಪ್ಪು ವಯಸ್ಸಿನದು. ಹುಟ್ಟಿದ ನಾಲ್ಕನೇ ದಿನ ಅಪ್ಪನ ಮುಖ ನೋಡಿ ಕಿಲಕಿಲ ನಗುವ ಕೂಸು ಕಾದಂಬರಿಗಳಲ್ಲಿ ಮಾತ್ರ ಸಿಗುತ್ತದೆ. ಮುಖ ಗುರುತಿಸಿ ನಗುವುದು ಸುಮಾರು 6ರಿಂದ 8ನೇ ವಾರಕ್ಕೆ. ಅದಕ್ಕೆ ಮುಂಚಿನದು ನಿದ್ದೆಯಲ್ಲಿ ತುಟಿ ಅರಳುವುದಷ್ಟೇ. ಹೊಕ್ಕುಳಬಳ್ಳಿಯ ತುಂಡು ಒಣಗಿ ಉದುರಲು 1ರಿಂದ 3 ವಾರ ಬೇಕು, ಅಲ್ಲಿಯವರೆಗೆ ಅದನ್ನು ಒಣಗಿಸಿಟ್ಟುಕೊಳ್ಳಬೇಕು, ಡೈಪರಿನ ಅಂಚನ್ನು ಅದರ ಕೆಳಗೆ ಮಡಚಬೇಕು. ಕತ್ತು ಗಟ್ಟಿಯಾಗಿ ನಿಲ್ಲುವುದು 4ನೇ ತಿಂಗಳ ಹೊತ್ತಿಗೆ, ಬೋರಲು ಬೀಳುವುದು 4ರಿಂದ 6ಕ್ಕೆ, ಆಸರೆಯಿಲ್ಲದೆ ಕೂರುವುದು ಅದರ ನಂತರ. 8, 9ನೇ ತಿಂಗಳಲ್ಲಿ ಅಪರಿಚಿತರನ್ನು ಕಂಡರೆ ಅಳು ಶುರುವಾಗುತ್ತದೆ. ಅದು ಕಥೆಗೆ ಬಹಳ ಬೆಲೆಯುಳ್ಳ ತಿಂಗಳು. ಅಲ್ಲಿಯವರೆಗೆ ಯಾರ ಕೈಗಾದರೂ ಹೋಗುತ್ತಿದ್ದ ಮಗು ಈಗ ಬೇರೆಲ್ಲರನ್ನೂ ಬಿಟ್ಟು ಈ ಹುಡುಗನ ಕಡೆಗೇ ಕೈಚಾಚುತ್ತದೆ. ಅವನು ಅಪ್ಪ ಎಂದು ನ್ಯಾಯಾಲಯವೋ ನೆರೆಯವರೋ ಒಪ್ಪುವುದಕ್ಕೆ ಮೊದಲೇ ಮಗು ಒಪ್ಪಿಬಿಟ್ಟಿರುತ್ತದೆ. ಈ ದೃಶ್ಯವನ್ನು ಎರಡನೇ ತಿಂಗಳಿಗೆ ತಂದಿಟ್ಟರೆ ಅದರ ಬಲವೆಲ್ಲ ಹೋಗುತ್ತದೆ.

ಬಸಿರಿನ ವಾರಗಳಲ್ಲೂ ಹೀಗೆಯೇ ಎಡವುತ್ತಾರೆ. ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ವೈದ್ಯರು '8 ವಾರ' ಎಂದರೆ ಗರ್ಭ ಕಟ್ಟಿ ಸುಮಾರು 6 ವಾರ. ಇದು ಗೊತ್ತಿಲ್ಲದ ಹುಡುಗ 'ಆಗ ನಾವಿಬ್ಬರೂ ಭೇಟಿಯೇ ಆಗಿರಲಿಲ್ಲವಲ್ಲ' ಎಂದು ಅನುಮಾನಪಡುವುದು ಪಾತ್ರದ ತಪ್ಪಾದರೆ ಒಳ್ಳೆಯ ದೃಶ್ಯ. ಲೇಖಕರದೇ ತಪ್ಪಾದರೆ ಪುಸ್ತಕವೇ ಕೆಟ್ಟಿತು. ಚೊಚ್ಚಲ ಬಸುರಿಗೆ ಕೂಸಿನ ಮಿಸುಕಾಟ ತಿಳಿಯುವುದು ಸುಮಾರು 18ರಿಂದ 20 ವಾರಕ್ಕೆ. ಹೊಟ್ಟೆಯ ಮೇಲೆ ಕೈಯಿಟ್ಟ ಹುಡುಗನಿಗೆ ಅದು ಸಿಗುವುದು ಇನ್ನೂ ಕೆಲವು ವಾರ ಕಳೆದು. ಈ ನಡುವಿನ ವಾರಗಳಲ್ಲಿ ಅವಳಿಗೆ ಗೊತ್ತಿರುವುದು ಅವನಿಗೆ ಗೊತ್ತಾಗುವುದಿಲ್ಲ. 'ನನಗೇನೂ ತಿಳೀತಿಲ್ಲ' ಎಂಬ ಅವನ ಮಾತಿನಲ್ಲಿ ಹೊರಗುಳಿದವನ ನೋವೆಲ್ಲ ಇರಬಲ್ಲದು.

ಇನ್ನೊಂದು ತಪ್ಪು ಅಪಾಯಕಾರಿ. ದಣಿದ ಹುಡುಗ ಕೂಸನ್ನು ಎದೆಯ ಮೇಲೆ ಮಲಗಿಸಿಕೊಂಡು ಸೋಫಾದಲ್ಲಿ ನಿದ್ದೆಹೋಗಿರುವ ಚಿತ್ರ ಎಷ್ಟೋ ಕಥೆಗಳಲ್ಲಿ ಅಕ್ಕರೆಯ ಗುರುತಾಗಿ ಬರುತ್ತದೆ. ಹಸುಗೂಸಿನೊಂದಿಗೆ ಸೋಫಾದಲ್ಲಿ ನಿದ್ದೆಹೋಗುವುದು ಮಲಗುವ ರೀತಿಗಳಲ್ಲೆಲ್ಲ ಅತ್ಯಂತ ಅಪಾಯದ್ದು. ಕೂಸು ಜಾರಿ ಮೆತ್ತೆಗಳ ಸಂದಿಯಲ್ಲಿ ಸಿಕ್ಕಿ ಉಸಿರುಗಟ್ಟಬಹುದು. ಮಗು ಮಲಗಬೇಕಾದದ್ದು ಅಂಗಾತ, ಗಟ್ಟಿಯಾದ ಚಪ್ಪಟೆ ಹಾಸಿಗೆಯ ಮೇಲೆ, ದಿಂಬು, ದಪ್ಪ ಹೊದಿಕೆ, ಗೊಂಬೆಗಳಿಲ್ಲದೆ. ಅಮೆರಿಕದಲ್ಲಿ 1994ರಿಂದ ಇದಕ್ಕಾಗಿ ದೊಡ್ಡ ಪ್ರಚಾರವೇ ನಡೆಯಿತು. ಹಾಗೆಂದು ಕಾದಂಬರಿಯಲ್ಲಿ ಸೋಫಾ ಬರಲೇಬಾರದು ಎಂದಲ್ಲ. ಹುಡುಗ ತೂಕಡಿಸಿ, ತಟ್ಟನೆ ಎಚ್ಚೆತ್ತು, ಕೂಸಿನ ಉಸಿರಿಗೆ ಕಿವಿಗೊಟ್ಟು, ನಡುಗುವ ಕೈಯಲ್ಲಿ ಅದನ್ನು ತೊಟ್ಟಿಲಿಗೆ ಸಾಗಿಸಿದರೆ ಅಕ್ಕರೆಯೂ ಉಳಿಯಿತು, ಭಯವೂ ಬಂತು. ಈ ಪುಸ್ತಕಗಳನ್ನು ಓದುವವರಲ್ಲಿ ನಿಜವಾಗಿ ಕೂಸು ಎತ್ತಿಕೊಂಡಿರುವ ಹುಡುಗರಿದ್ದಾರೆ ಎಂಬುದನ್ನು ಒಂದು ಗಳಿಗೆಯೂ ಮರೆಯಬಾರದು.

ಆರನೇ ವಾರ

ಇಡೀ ಕಾದಂಬರಿಗೆ ತಿರುವು ಬೇಕಿದ್ದರೆ ಅದನ್ನು ಬೇರೆಲ್ಲೂ ಹುಡುಕಬೇಕಿಲ್ಲ. ಮಕ್ಕಳ ಅಳು ಎರಡನೇ ವಾರದಿಂದ ಏರುತ್ತ ಹೋಗಿ 6ರಿಂದ 8ನೇ ವಾರದ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ, 3ರಿಂದ 4ನೇ ತಿಂಗಳಿಗೆ ಇಳಿಯುತ್ತದೆ. ಆರೋಗ್ಯವಾಗಿರುವ ಕೂಸು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರದಲ್ಲಿ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಅತ್ತರೆ ಅದನ್ನು ಕೋಲಿಕ್ ಎಂದು ಕರೆಯುವ ಅಳತೆ 1954ರಿಂದಲೂ ಬಳಕೆಯಲ್ಲಿದೆ. ಕಾರಣ ಬಹಳ ಸಲ ಸಿಗುವುದೇ ಇಲ್ಲ. ಹಾಲು ಕೊಟ್ಟಾಯಿತು, ಡೈಪರ್ ಒಣಗಿದೆ, ಜ್ವರವಿಲ್ಲ, ಆದರೂ ಸಂಜೆ 6ರಿಂದ 9 ಒಂದೇ ಸಮನೆ ಅಳು. ನೋಡಲು ಬಂದ ನೆಂಟರು, ಉಡುಗೊರೆ ತಂದ ಗೆಳೆಯರು ಹೆಚ್ಚುಕಡಿಮೆ ಇದೇ ಹೊತ್ತಿಗೆ ಬರುವುದು ನಿಲ್ಲಿಸಿರುತ್ತಾರೆ.

ಹುಡುಗನ ಸಿಟ್ಟು ಪುಟದ ಮೇಲೆ ಬರಬೇಕಾದದ್ದು ಇಲ್ಲಿ. ಅವನ ಕೈ ಬಿಗಿಯುತ್ತದೆ, ಹಲ್ಲು ಕಚ್ಚುತ್ತಾನೆ. ಕೂಸನ್ನು ಅಲುಗಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಕಣ್ಣು ಹೋಗಬಹುದು, ಪ್ರಾಣವೇ ಹೋಗಬಹುದು. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದನ್ನು ಮಕ್ಕಳ ವೈದ್ಯರು ಎಲ್ಲ ವಯಸ್ಸಿನ ಅಪ್ಪ ಅಮ್ಮಂದಿರಿಗೂ ಹೇಳುತ್ತಾರೆ: ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು, ಕೆಲವು ನಿಮಿಷ ಹೊರಗೆ ನಿಲ್ಲಿ, ಉಸಿರು ಹದಕ್ಕೆ ಬಂದ ಮೇಲೆ ಒಳಗೆ ಹೋಗಿ. ಹೊರಗಿನಿಂದ ನೋಡಿದವರಿಗೆ ಇದು ಅಳುವ ಕೂಸನ್ನು ಬಿಟ್ಟುಬಂದ ಹುಡುಗ. ನೆರೆಮನೆಯವರು ಕಿಟಕಿಯಿಂದ ನೋಡಿ ತಲೆಯಾಡಿಸಬಹುದು. ಅವನು ಮೆಟ್ಟಿಲ ಮೇಲೆ ಕೂತು ಎಣಿಸುತ್ತಿರುವ ಆ ಐದು ನಿಮಿಷದಲ್ಲಿ ಹಣೆಪಟ್ಟಿಯೂ ನಿಜವಾದ ಅಪ್ಪನೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತಾರೆ. ಒಳಗಿನ ಸತ್ಯ ಗೊತ್ತಿರುವುದು ಓದುಗರಿಗೆ ಮಾತ್ರ. ಹಣೆಪಟ್ಟಿ ಕಿತ್ತುಬರುವುದು ಇಂಥ ಕಡೆ, ಯಾರೂ ಭಾಷಣ ಮಾಡದೆ.

ಕಾಗದದ ಮೇಲೆ ಅಪ್ಪ

ಕಾನೂನಿನ ಭಾಗವನ್ನು ಬಹಳ ಲೇಖಕರು ಹಾರಿಸಿಬಿಡುತ್ತಾರೆ, ಆದರೆ ಒಳ್ಳೆಯ ಬಿಕ್ಕಟ್ಟುಗಳು ಅಲ್ಲಿವೆ. ಅಮೆರಿಕದಲ್ಲಿ ಮದುವೆಯಾಗದ ಹುಡುಗನ ಹೆಸರು ಜನನಪತ್ರದಲ್ಲಿ ತಾನಾಗಿ ಬರುವುದಿಲ್ಲ. ಇಬ್ಬರೂ ಪಿತೃತ್ವ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನ್ಯಾಯಾಲಯ ತೀರ್ಮಾನಿಸಬೇಕು. ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ ಹಿಂತೆಗೆಯಲು ಸಾಮಾನ್ಯವಾಗಿ 60 ದಿನ. ಕೂಸನ್ನು ದತ್ತು ಕೊಡುವ ಮಾತು ಬಂದಾಗ, ಹಲವು ರಾಜ್ಯಗಳಲ್ಲಿ 'ನಾನು ಅಪ್ಪನಿರಬಹುದು' ಎಂದು ಹೇಳಿಕೊಳ್ಳುವ ಗಂಡಸಿಗಾಗಿ ಒಂದು ನೋಂದಣಿ ಪುಸ್ತಕವಿದೆ. ಇಲಿನಾಯ್‌ನಲ್ಲಿ ಅದಕ್ಕೆ ಗಡುವು ಹೆರಿಗೆಯಾದ 30 ದಿನ. ಹುಡುಗನಿಗೆ ಆ ಪುಸ್ತಕ ಇದೆಯೆಂದೇ ಗೊತ್ತಿಲ್ಲದಿದ್ದರೆ? 1972ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ವಿಚಾರಣೆಯೇ ಇಲ್ಲದೆ ಮದುವೆಯಾಗದ ಅಪ್ಪನ ಮಕ್ಕಳನ್ನು ಕಿತ್ತುಕೊಳ್ಳುವಂತಿಲ್ಲ ಎಂದಿತು. 1983ರ ಇನ್ನೊಂದು ತೀರ್ಪಿನಲ್ಲಿ ರಕ್ತಸಂಬಂಧವೊಂದೇ ಸಾಲದು, ಅಪ್ಪನಾಗಿ ನಡೆದುಕೊಂಡಿರಬೇಕು ಎಂದು, ನೋಂದಾಯಿಸದ ಅಪ್ಪನ ವಿರುದ್ಧ ಹೇಳಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಡಿಸೆಂಬರ್ 1ರಿಂದ, ಜನನ ನೋಂದಣಿಯಲ್ಲಿ ಹೆಸರಿರುವ ಅಪ್ಪನಿಗೆ ಮದುವೆಯಾಗದಿದ್ದರೂ ಪೋಷಕನ ಹಕ್ಕುಬಾಧ್ಯತೆ ಸಿಗುತ್ತದೆ. ಅದಕ್ಕೆ ಮುಂಚಿನ ಕಾಲದ ಕಥೆಯಲ್ಲಿ ಇದನ್ನು ತಂದರೆ ತಪ್ಪು.

ದುಡಿಮೆಗೂ ಕಾನೂನಿದೆ. ಅಮೆರಿಕದ ಒಕ್ಕೂಟ ಕಾನೂನಿನಂತೆ 14, 15 ವರ್ಷದವರು ಶಾಲೆಯಿರುವ ದಿನ 3 ಗಂಟೆ, ಶಾಲೆಯಿರುವ ವಾರದಲ್ಲಿ 18 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಸಂಜೆ 7ರ ನಂತರ ಅಂತೂ ಇಲ್ಲ (ಬೇಸಿಗೆ ರಜೆಯಲ್ಲಿ 9ರವರೆಗೆ). 15ರ ಹುಡುಗನನ್ನು ನಡುರಾತ್ರಿ ಅಂಗಡಿಯಲ್ಲಿ ನಿಲ್ಲಿಸಿದ ಕಥೆ ಅಲ್ಲೇ ಮುಗ್ಗರಿಸುತ್ತದೆ. ಕೂಲಿಯನ್ನೂ ಆಯಾ ವರ್ಷಕ್ಕೆ ಸರಿಯಾಗಿ ಹಿಡಿಯಬೇಕು. 1998ರಲ್ಲಿ ಒಕ್ಕೂಟದ ಕನಿಷ್ಠ ಕೂಲಿ ಗಂಟೆಗೆ 5.15 ಡಾಲರ್, ವಾರಕ್ಕೆ 20 ಗಂಟೆ ದುಡಿದರೆ ತೆರಿಗೆ ಕಳೆಯುವ ಮುನ್ನ 103 ಡಾಲರ್. ಡೈಪರ್, ಹಾಲುಪುಡಿ, ಬಸ್ಸು ಎಂದು ಅದನ್ನು ಹುಡುಗ ಅಡುಗೆಮನೆಯ ಮೇಜಿನ ಮೇಲೆ ಗುಪ್ಪೆ ಮಾಡಿ ಹಂಚುವ ದೃಶ್ಯ, ಬೀದಿಯಲ್ಲಿ ಸುಲಭದ ಹಣ ಏಕೆ ಅವನನ್ನು ಕರೆಯುತ್ತದೆ ಎಂಬುದನ್ನು ಯಾವ ವಿವರಣೆಗಿಂತಲೂ ಚೆನ್ನಾಗಿ ಹೇಳುತ್ತದೆ.

ತಾಯಿಯನ್ನು ಎಲ್ಲಿಡುವುದು

ಈ ಬಗೆಯ ಕಾದಂಬರಿಗಳ ದೊಡ್ಡ ದೌರ್ಬಲ್ಯ ಇಲ್ಲಿದೆ, ಒಳ್ಳೆಯ ಪುಸ್ತಕಗಳೂ ಇದರಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ಹುಡುಗ ಒಬ್ಬನೇ ಕೂಸು ನೋಡಿಕೊಳ್ಳಬೇಕಾದರೆ ಹುಡುಗಿ ಎಲ್ಲಿಗಾದರೂ ಹೋಗಬೇಕು. (ಓದಿಲ್ಲದವರು ಮುಂದಿನ ಎರಡು ವಾಕ್ಯ ಬಿಟ್ಟುಬಿಡಿ.) ಜಾನ್ಸನ್ ಅವರಲ್ಲಿ ಬಸಿರಿನ ತೊಡಕಿನಿಂದ ನಿಯಾ ಮರಳಿ ಏಳಲಾರದ ಕೋಮಾಕ್ಕೆ ಜಾರಿದ್ದಾಳೆ. ಬ್ರಿಟನ್ನಿನ ಮ್ಯಾಲರಿ ಬ್ಲ್ಯಾಕ್‌ಮನ್ ಅವರ 'ಬಾಯ್ಸ್ ಡೋಂಟ್ ಕ್ರೈ' (2010) ಕಾದಂಬರಿಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿರುವ ಡಾಂಟೆಯ ಮನೆಬಾಗಿಲಿಗೆ ಬಂದ ಮೆಲನಿ ಮಗುವನ್ನು ಬಿಟ್ಟುಹೋಗುತ್ತಾಳೆ. ಓಡಿಹೋಗುವ ಅಪ್ಪನ ಹಣೆಪಟ್ಟಿಯನ್ನು ಕಿತ್ತು ಹುಡುಗಿಯ ಹಣೆಗೆ ಅಂಟಿಸಿದಂತಾಗುವ ಅಪಾಯ ಇದು. ಬ್ಲ್ಯಾಕ್‌ಮನ್ ಇನ್ನೊಂದು ಕೆಲಸವನ್ನೂ ಮಾಡಿದ್ದಾರೆ: ಡಾಂಟೆಯ ಜೊತೆಗೆ ಅವನ ತಮ್ಮ ಆಡಮ್‌ನ ದನಿಯನ್ನೂ ಇಟ್ಟು, ಗಂಡಸರೇ ಇರುವ ಮನೆಯಲ್ಲಿ ಯಾರೂ ಅಳದೆ ಬದುಕುವುದರ ಬೆಲೆ ಎಷ್ಟೆಂದು ಎರಡು ಕಡೆಯಿಂದ ತೋರಿಸಿದ್ದಾರೆ.

ಅಪಾಯ ತಪ್ಪಿಸಲು ಹುಡುಗಿಗೆ ಒಂದಾದರೂ ಅಧ್ಯಾಯದಲ್ಲಿ ಅವಳದೇ ಕಾರಣ, ಅವಳದೇ ದೇಹ ಇರಬೇಕು. ಹೆರಿಗೆಯ ನಂತರ 4ರಿಂದ 6 ವಾರದವರೆಗೂ ರಕ್ತಸ್ರಾವ ಇರಬಲ್ಲದು. ಎದೆ ಕಟ್ಟಿಕೊಂಡು ಜ್ವರ ಬರಬಲ್ಲದು. ಬಾಣಂತಿಗೆ ಎರಡು ವಾರ ದಾಟಿದರೂ ಕಡಿಮೆಯಾಗದ ದುಃಖ, ಕೂಸಿನ ಮೇಲೆ ಏನೂ ಅನ್ನಿಸದ ಮಂಕು ಕವಿದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ. ಅದನ್ನು ಹುಡುಗ ಕಲ್ಲುಮನಸ್ಸು ಎಂದುಕೊಂಡಿದ್ದು ಮುಂದೆ ಅವನಿಗೇ ತಿಳಿಯುವುದಾದರೆ ಕಾದಂಬರಿ ಇಬ್ಬರಿಗೂ ನ್ಯಾಯ ಮಾಡಿತು. ಇಬ್ಬರೂ ಕೂಸಿನ ಜೊತೆಗೇ ಉಳಿದು, ಪ್ರೀತಿ ಮುರಿದರೂ ವಾರವನ್ನು ಹಂಚಿಕೊಂಡು ಸಾಕುವ ಕಥೆಗಳು ಇನ್ನೂ ಕಡಿಮೆ. ಬರೆಯುವವರಿಗೆ ಅಲ್ಲಿ ಬೇಕಾದಷ್ಟು ಜಾಗವಿದೆ.

ಕೊನೆ ಎಲ್ಲಿಡಬೇಕು ಎಂಬುದಕ್ಕೆ ಜಾನ್ಸನ್ ಅವರ ಪುಸ್ತಕವನ್ನೇ ಮತ್ತೆ ನೋಡಬಹುದು. ಬಾಬಿ ಕೂಸಿನೊಂದಿಗೆ ನ್ಯೂಯಾರ್ಕ್ ಬಿಟ್ಟು ಒಹಾಯೊದ ಹೆವೆನ್ ಎಂಬ ಸಣ್ಣ ಊರಿಗೆ ಹೋಗುತ್ತಾನೆ. ಪದವಿಪ್ರದಾನವಿಲ್ಲ, ಮದುವೆಯಿಲ್ಲ, ಹತ್ತು ವರ್ಷದ ನಂತರದ ಸುಖದ ದೃಶ್ಯವಿಲ್ಲ. ಆದರೆ ಅದೇ ಲೇಖಕಿಯ 'ಹೆವೆನ್' ಕಾದಂಬರಿ 1998ರಲ್ಲೇ ಬಂದಿತ್ತು. ಅದರಲ್ಲಿ ಬಾಬಿ ಆ ಊರಲ್ಲಿ ಪುಟ್ಟ ಫೆದರ್‌ಳನ್ನು ಬೆಳೆಸುತ್ತಿರುವ ಅಪ್ಪನಾಗಿಯೇ ಪರಿಚಯವಾಗುತ್ತಾನೆ, ಅವಳನ್ನು ನೋಡಿಕೊಳ್ಳುವ ಮಾರ್ಲಿ ಎಂಬ ಹುಡುಗಿಯ ಕಣ್ಣಿನಿಂದ. ಮಗುವನ್ನು ಎತ್ತಿಕೊಂಡು ನಿಂತ ಅಪ್ಪನನ್ನು ಓದುಗರು ಮೊದಲು ಕಂಡರು, ಅವನಿಗೆ ಆಗ ಎಷ್ಟು ವಯಸ್ಸಾಗಿತ್ತು ಎಂಬ ಕಥೆ ಐದು ವರ್ಷ ಕಳೆದು ಬಂತು.